ಓಂಕಾರೇಶ್ವರನ ತಾಮ್ರಫಲಕವೂ ಅಮರ ಸುಳ್ಯ ಸೀಮೆಯೂ

ಸುಳ್ಯದಿಂದ ಮೂಡುಮುಖವಾಗಿ ಹೊರಟು, ಸಂಪಾಜೆಯ ಘಟ್ಟವನ್ನೇರಿ, ಮಡಿಕೇರಿಯ ತಗ್ಗಿನಲ್ಲಿ ಪುಷ್ಕರಿಣಿಯೊಂದನ್ನು ಮುಂದಿಟ್ಟುಕೊಂಡು ನಿಂತಿರುವ ಓಂಕಾರೇಶ್ವರನ ಸನ್ನಿಧಿಗೆ ಬರುವ ನಮ್ಮ ಸೀಮೆಯ ಯಾತ್ರಿಕರು, ನಡುವಣ ಗುಮ್ಮಟವನ್ನೂ ನಾಲ್ಕು ಮೂಲೆಗಳ ಮಿನಾರುಗಳನ್ನೂ ಕಂಡು, ಶಿವಾಲಯಕ್ಕೆ ಇಂಥ ಆಕಾರವೆಲ್ಲಿಂದ ಬಂತೆಂದು ವಿಸ್ಮಯಪಡುವರೇ ಹೊರತು, ಪ್ರವೇಶದ್ವಾರದಲ್ಲಿ ಅಳವಡಿಸಿರುವ ತಾಮ್ರಫಲಕದ ಎದುರಿಗೆ ನಿಂತು ಓದುವವರು ವಿರಳ. ದೇವಾಲಯವು ಹೇಗೆ ನಿರ್ಮಾಣವಾಯಿತೆಂಬ ವೃತ್ತಾಂತವನ್ನು ಹೊತ್ತ ಆ ಫಲಕವನ್ನು ಅಲ್ಲಿರಿಸಿದವನು, ಕೊಡಗನ್ನಾಳಿದ ಹಾಲೇರಿ ವಂಶದ ಲಿಂಗರಾಜೇಂದ್ರ. 1811ರಲ್ಲಿ ಪಟ್ಟವನ್ನೇರಿ, ಮಡಿಕೇರಿಯ ಕೋಟೆಯೊಳಗಿನ ಅರಮನೆಯನ್ನು ಇಟ್ಟಿಗೆ ಗಾರೆಗಳಿಂದ ಹೊಸದಾಗಿ ಎತ್ತಿಸಿ, 1820ರಲ್ಲಿ ಈ ದೇವಾಲಯವನ್ನು ಪೂರ್ಣಗೊಳಿಸಿದ ಆ ಅರಸು, ಅದೇ ವರ್ಷ ಕಾಲವಶನಾದನು. ನಿರಪರಾಧಿಯಾದ ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ ಪಾಪದಿಂದ ಬ್ರಹ್ಮರಾಕ್ಷಸನ ಬಾಧೆಗೊಳಗಾಗಿ, ಅದರ ಪರಿಹಾರಾರ್ಥವಾಗಿ ಕಾಶಿಯಿಂದ ಲಿಂಗವನ್ನು ತರಿಸಿ ಪ್ರತಿಷ್ಠಿಸಿದನೆಂಬುದು ಜನಜನಿತವಾದ ಐತಿಹ್ಯ. ಪ್ರಜೆಗಳು ತಮ್ಮ ಅರಸನ ತಪ್ಪನ್ನು ಮರೆಯದೆಯೂ ಅವನ ಪ್ರಾಯಶ್ಚಿತ್ತವನ್ನು ಮನ್ನಿಸಿದರೆಂಬುದಕ್ಕೆ ಆ ಕಥೆ ಉಳಿದುಬಂದಿರುವುದೇ ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

ಆ ಫಲಕದ ಮುಂದೆ ಸುಳ್ಯ ಪುತ್ತೂರುಗಳವನು ನಿಲ್ಲಬೇಕಾದುದು ಬರಿಯ ಪ್ರೇಕ್ಷಕನಾಗಿ ಅಲ್ಲ. ಇಂದು ಪುತ್ತೂರು, ಸುಳ್ಯ, ಕಡಬಗಳೆಂದು ಮೂರು ತಾಲೂಕುಗಳಾಗಿ ಹಂಚಿಹೋಗಿರುವ ಈ ನಾಡಿನ ಬಹುಭಾಗವು ಒಂದು ಕಾಲದಲ್ಲಿ ಮಡಿಕೇರಿಯ ಸಿಂಹಾಸನಕ್ಕೆ ಕಾಣಿಕೆಯನ್ನೊಪ್ಪಿಸುತ್ತಿದ್ದ ಸೀಮೆ. ಇಕ್ಕೇರಿಯ ನಾಯಕರ ಕಾಲದಲ್ಲಿ ಅಮರ ಸುಳ್ಯ ಮಾಗಣೆಯು ಕೊಡಗಿನ ಕೈಸೇರಿತು. ಟಿಪ್ಪುವಿನ ಪತನಾನಂತರ, ಲಿಂಗರಾಜೇಂದ್ರನ ಅಣ್ಣನಾದ ದೊಡ್ಡ ವೀರರಾಜೇಂದ್ರನ ಸ್ನೇಹವನ್ನು ಮನ್ನಿಸಿ, ಪಂಜ ಬೆಳ್ಳಾರೆಗಳನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಅವನಿಗೆ ಬಿಟ್ಟುಕೊಟ್ಟರು. ಘಟ್ಟದ ಕೆಳಗಿನ ಗದ್ದೆಗಳ ಭತ್ತವೂ ಅಕ್ಕಿಯೂ ಮಳೆನಾಡಿನ ಆ ರಾಜ್ಯಕ್ಕೆ ಎಷ್ಟು ಬೇಕಾಗಿದ್ದುವೆಂಬುದನ್ನು ಬಲ್ಲವರಿಗೆ ಈ ಸಂಬಂಧದ ಬೆಲೆ ತಿಳಿಯದಿರದು. ರೈತನು ಬೆಳೆದ ಫಸಲಿನಲ್ಲೇ ಅರಸನ ಪಾಲನ್ನು ಅಳೆದುಕೊಡುತ್ತಿದ್ದನು. ಮಳೆ ಹೋದ ವರ್ಷ ಅರಸನಿಗೂ ಕಡಿಮೆ, ಮಳೆ ಹಿಡಿದ ವರ್ಷ ಅರಸನಿಗೂ ಹೆಚ್ಚು. ದಬ್ಬಾಳಿಕೆ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಸುಗ್ಗಿಯ ಹೊತ್ತಿಗೆ ನಾಣ್ಯಕ್ಕಾಗಿ ಸಾಹುಕಾರನ ಜಗಲಿ ಹತ್ತುವ ಅವಸ್ಥೆ ಅಂದಿನ ಒಕ್ಕಲಿಗನಿಗೆ ಬಂದಿರಲಿಲ್ಲ.

1834ರ ಏಪ್ರಿಲ್ ತಿಂಗಳಲ್ಲಿ ಕಂಪೆನಿಯ ಸೈನ್ಯವು ಮಡಿಕೇರಿಯನ್ನು ಹೊಕ್ಕಿತು. ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ, ತಂದೆಯು ಲಿಂಗವನ್ನು ತರಿಸಿದನೆನ್ನಲಾದ ಆ ಕಾಶಿಗೇ ಗಡೀಪಾರಾಗಿ ಹೋದನು. ಕೊಡಗು ಕಮಿಷನರರ ಆಳ್ವಿಕೆಗೆ ಸಂದಿತು. ಅಮರ ಸುಳ್ಯ, ಪಂಜ, ಬೆಳ್ಳಾರೆಗಳನ್ನೊಳಗೊಂಡ ಘಟ್ಟದ ಕೆಳಗಿನ ಭಾಗವನ್ನು ಮಾತ್ರ ಕಡಿದು ಕೆನರಾ ಜಿಲ್ಲೆಗೆ ಜೋಡಿಸಿದರು. ಕೆನರಾದ ಪದ್ಧತಿಯಂತೆ ಇನ್ನು ಮೇಲೆ ತೀರ್ವೆಯನ್ನು ನಗದಾಗಿಯೇ ಸಲ್ಲಿಸಬೇಕೆಂದು ಆಜ್ಞೆಯಾಯಿತು. ಅರಸು ಹೋದುದಕ್ಕಿಂತಲೂ ಈ ಆಜ್ಞೆಯೇ ಮನೆಮನೆಯನ್ನು ತಟ್ಟಿತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮೂರು ವರ್ಷಗಳ ಬಳಿಕ, 1837ರ ಮಾರ್ಚ್ ಕೊನೆಯಲ್ಲಿ, ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ಎದ್ದ ರೈತರ ದಂಡು, ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ತಾವು ನಂಬಿದ, ವಸ್ತುತಃ ಪುಟ್ಟಬಸಪ್ಪನೆಂಬವನನ್ನು ಮುಂದಿಟ್ಟುಕೊಂಡು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನವರೆಗೆ ಬಂದಿದ್ದ ಕಲೆಕ್ಟರ್ ಲೂಯಿನ್ನನ ತುಕಡಿಯನ್ನು ಹಿಮ್ಮೆಟ್ಟಿಸಿ, ಏಪ್ರಿಲ್ 5ರಂದು ಮಂಗಳೂರನ್ನು ಪ್ರವೇಶಿಸಿ, ಇಂದು ಬಾವುಟಗುಡ್ಡೆಯೆಂದು ಹೆಸರಾದ ಎತ್ತರದಲ್ಲಿ ತನ್ನ ಧ್ವಜವನ್ನು ನೆಟ್ಟಿತು. ಹದಿಮೂರು ದಿನಗಳ ಕಾಲ ಆ ಪಟ್ಟಣವು ಅವರ ಅಧೀನದಲ್ಲಿತ್ತು. ಕಂಪೆನಿಯ ಸೈನ್ಯವು ಬಂದು ಸೇರಿದ ಮೇಲೆ ದಂಡು ಚದುರಿತು. ಪುಟ್ಟಬಸಪ್ಪನನ್ನೂ ದಂಡಿನೊಡನೆ ಸೇರಿದ್ದ ಲಕ್ಷ್ಮಪ್ಪ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ದಂಗೆಯಲ್ಲಿ ಪಾಲ್ಗೊಂಡ ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡರಿಗೆ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿಯೇ ಗಲ್ಲಾಯಿತು. ಓಂಕಾರೇಶ್ವರನ ಗುಡಿಯಿಂದ ಆ ಕೋಟೆಗೆ ಬಹಳ ದೂರವಿಲ್ಲ.

ಹಿರಿಯರು ಈ ದಂಗೆಯನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆದು, ಬಹುಕಾಲ ಕೊಳ್ಳೆಯ ಕಥೆಯನ್ನಾಗಿಯೇ ಹೇಳುತ್ತಿದ್ದರು. ಆ ದಿನಗಳ ಲಿಖಿತ ಸಾಕ್ಷ್ಯದ ಬಹುಪಾಲು ಗೆದ್ದವರದು. ದಂಗೆಯನ್ನಡಗಿಸಲು ನೆರವಾದವರಿಗೆ ಕಂಪೆನಿಯು ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಹಂಚಿತಷ್ಟೆ. ಆ ಪದಕಗಳ ಒಂದು ಮುಖದ ಬರಹವು ಕನ್ನಡದಲ್ಲಿತ್ತು. ಹೀಗೆ ಹದಿನೇಳು ವರ್ಷಗಳ ಅಂತರದಲ್ಲಿ ಒಂದೇ ನಾಡಿನಲ್ಲಿ ಲೋಹದ ಮೇಲೆ ಎರಡು ಬಗೆಯ ರಾಜಶಾಸನಗಳು ಮೂಡಿದುವು: ತಾಮ್ರದ ಮೇಲೆ ಅರಸನ ಭಕ್ತಿ, ಚಿನ್ನ ಬೆಳ್ಳಿಗಳ ಮೇಲೆ ಕಂಪೆನಿಯ ಮೆಚ್ಚುಗೆ. ಬೆಳ್ಳಾರೆಯ ಖಜಾನೆಗೆ ನುಗ್ಗಿದ ಒಕ್ಕಲಿಗರ ಹೆಸರನ್ನು ಅಂದು ಯಾರೂ ಲೋಹದ ಮೇಲೆ ಕೊರೆಸಲಿಲ್ಲ.

ಆ ಕೊರತೆಯನ್ನು ತುಂಬಿದವರಲ್ಲಿ ಮೊದಲಿಗರು ಸಾಹಿತಿಗಳೆಂಬುದು ನನಗೆ ಅಭಿಮಾನದ ವಿಷಯ. ಸುಬ್ರಹ್ಮಣ್ಯದ ಸಮೀಪದ ಕುಳಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಕಲ್ಯಾಣಸ್ವಾಮಿಯ ಹೆಸರಿನಲ್ಲಿಯೇ ಕಾದಂಬರಿಯನ್ನು ಬರೆದು, ಕಾಟಕಾಯಿಯೆಂದು ತಳ್ಳಿಹಾಕಿದ್ದುದನ್ನು ರೈತರ ಹೋರಾಟವೆಂದು ಓದುವಂತೆ ಮಾಡಿದರು. ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆಯು ಬಾವುಟಗುಡ್ಡೆಯಲ್ಲಿ ಅನಾವರಣಗೊಂಡುದು 2022ರ ನವೆಂಬರಿನಲ್ಲಿ. ಸುಳ್ಯ ಕಡಬಗಳ ಶಾಲೆಗಳಿಂದ ಮಕ್ಕಳನ್ನು ಮಡಿಕೇರಿಗೆ ಪ್ರವಾಸ ಕರೆದೊಯ್ಯುವ ಅಧ್ಯಾಪಕರು, ರಾಜಾಸೀಟನ್ನೂ ಅಬ್ಬಿಯ ಜಲಪಾತವನ್ನೂ ತೋರಿಸಿ ಹಿಂದಿರುಗುವ ಮುನ್ನ, ಓಂಕಾರೇಶ್ವರನ ಬಾಗಿಲಲ್ಲಿ ಅವರನ್ನು ಕಾಲು ಗಂಟೆ ನಿಲ್ಲಿಸಿ, ಆ ಫಲಕವನ್ನು ಇರಿಸಿದ ಅರಸನ ಪ್ರಜೆಗಳಾಗಿ ನಿಮ್ಮ ಮುತ್ತಜ್ಜಂದಿರೂ ಇದ್ದರೆಂದು, ಅವನ ವಂಶದ ಹೆಸರೆತ್ತಿ ಮಂಗಳೂರಿನವರೆಗೆ ನಡೆದವರೂ ಅವರೇ ಎಂದು ಹೇಳಬೇಕೆಂಬುದು ನನ್ನ ಆಸೆ.