ದಂಡನೆಯಲ್ಲಿ ಸಮತೆ: ಕಿತ್ತೂರು-ಸವದತ್ತಿ ಸೀಮೆಯ ಇತಿಹಾಸ ಕಲಿಸುವ ಪಾಠ

ತಪ್ಪಿಗೆ ದಂಡನೆ ಇಲ್ಲದ ಸಮಾಜವಿಲ್ಲ. ಆದರೆ ಎಲ್ಲ ದಂಡನೆಯೂ ನ್ಯಾಯವಲ್ಲ. ದಂಡನೆಯು ಧರ್ಮವೆನಿಸಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ನಿರ್ಣಯ ಕೊಡುವವನು ನಿಷ್ಪಕ್ಷಪಾತಿಯೆ? ಒಂದೇ ಬಗೆಯ ಸಂಗತಿಗೆ ಎಲ್ಲರಿಗೂ ಒಂದೇ ಅಳತೆಗೋಲು ಇದೆಯೆ? ನಿರ್ಣಯದಿಂದ ನೊಂದವನು ತನ್ನ ಅಹವಾಲನ್ನು ಮತ್ತೊಬ್ಬರ ಮುಂದೆ ಹೇಳಿಕೊಳ್ಳಲು ಬಾಗಿಲು ತೆರೆದಿದೆಯೆ? ಜೈನ ಆಚಾರಶಾಸ್ತ್ರವು ಈ ಪ್ರಶ್ನೆಗಳನ್ನು ಬಹು ಹಿಂದೆಯೇ ಚರ್ಚಿಸಿದೆ. ಮಲಪ್ರಭೆಯ ಆಸುಪಾಸಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಇತಿಹಾಸವು ಇವೇ ಪ್ರಶ್ನೆಗಳನ್ನು ರಕ್ತದ ಬೆಲೆ ತೆತ್ತು ಎದುರಿಸಿದೆ. ಇವೆರಡನ್ನೂ ಜೊತೆಗಿಟ್ಟು ನೋಡುವುದು ಇಂದಿನ ಧರ್ಮಸಂಸ್ಥೆಗಳಿಗೂ ಪ್ರಯೋಜನಕರವಾಗಿದೆ.

ಶಾಸ್ತ್ರದ ತಕ್ಕಡಿ

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತವನ್ನು ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದಾಗಿ ಎಣಿಸಿದ್ದಾರೆ. ಆಲೋಚನ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನಾ ಎಂದು ಅದರ ಭೇದಗಳು ಒಂಬತ್ತು. ಗುರುವಿನ ಮುಂದೆ ತಪ್ಪೊಪ್ಪಿಕೊಳ್ಳುವುದರಿಂದ ಆರಂಭವಾಗಿ, ದೀಕ್ಷಾಕಾಲವನ್ನು ಕಡಿತಗೊಳಿಸುವುದು, ಸಂಘದಿಂದ ಕೆಲಕಾಲ ದೂರವಿಡುವುದು, ಹೊಸದಾಗಿ ದೀಕ್ಷೆ ಕೊಡುವುದು ಎಂಬವರೆಗೆ ಈ ಕ್ರಮವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಣ್ಣ ತಪ್ಪಿಗೆ ದೊಡ್ಡ ದಂಡನೆ ಸಲ್ಲದು, ದೊಡ್ಡ ತಪ್ಪನ್ನು ಸಣ್ಣದರಲ್ಲಿ ಮುಗಿಸುವುದೂ ಸಲ್ಲದು ಎಂಬುದು ಈ ಶ್ರೇಣಿಯ ತಾತ್ಪರ್ಯ.

ಇದಕ್ಕಿಂತಲೂ ಗಮನಾರ್ಹವಾದುದು ಆಲೋಚನೆಯ ಹತ್ತು ದೋಷಗಳ ವಿವೇಚನೆ. ಶಿವಾರ್ಯರ ಭಗವತೀ ಆರಾಧನೆ ಇವನ್ನು ವಿಸ್ತಾರವಾಗಿ ವಿವರಿಸುತ್ತದೆ. ಕಾಣಿಕೆ, ಉಪಚಾರಗಳಿಂದ ಗುರುವಿನ ಮನವನ್ನು ಕರಗಿಸಿ ದಂಡನೆಯನ್ನು ಹಗುರಗೊಳಿಸಿಕೊಳ್ಳುವುದು ಆಕಂಪಿತ ದೋಷ. ಬೇರೆಯವರು ಕಂಡ ತಪ್ಪನ್ನಷ್ಟೇ ಹೇಳಿ ಕಾಣದುದನ್ನು ಮುಚ್ಚಿಡುವುದು ದೃಷ್ಟ ದೋಷ. ಎಲ್ಲರೂ ಕೂಡಿ ಗದ್ದಲವಾಗಿರುವಾಗ ಯಾರಿಗೂ ಕೇಳದಂತೆ ಒಪ್ಪಿಕೊಳ್ಳುವುದು ಶಬ್ದಾಕುಲಿತ. ತನ್ನಂಥದೇ ತಪ್ಪು ಮಾಡಿದವನನ್ನು ಹುಡುಕಿ ಅವನ ಮುಂದೆ ಹೇಳಿಕೊಳ್ಳುವುದು ತತ್ಸೇವಿ. ಗುರು ವಿಧಿಸಿದ ಪ್ರಾಯಶ್ಚಿತ್ತದಲ್ಲಿ ನಂಬಿಕೆಯಿಡದೆ, ಇದು ಸರಿಯೋ ಅಲ್ಲವೋ ಎಂದು ಹಲವರಲ್ಲಿ ಕೇಳುತ್ತ ತಿರುಗುವುದು ಬಹುಜನ ದೋಷ.

ಹಾಗಾದರೆ ಮೇಲೆ ಹೋಗಿ ಕೇಳುವುದೇ ತಪ್ಪೆಂದು ಶಾಸ್ತ್ರದ ಅಭಿಪ್ರಾಯವೆ? ಅಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಚಾರಿತ್ರಸಾರದಲ್ಲಿಯೂ, ಹದಿಮೂರನೆಯ ಶತಮಾನದ ಪಂಡಿತ ಆಶಾಧರನ ಅನಗಾರ ಧರ್ಮಾಮೃತದಲ್ಲಿಯೂ ಪರಗಣ ಉಪಸ್ಥಾಪನ ಎಂಬ ವಿಧಿಯೊಂದು ಬರುತ್ತದೆ. ದರ್ಪದಿಂದ ಘೋರ ಅಪರಾಧ ಮಾಡಿದ ಮುನಿಯನ್ನು ಅವನ ಆಚಾರ್ಯನು ಬೇರೆ ಗಣದ ಆಚಾರ್ಯನ ಬಳಿಗೆ ಕಳುಹಿಸುತ್ತಾನೆ. ಆ ಆಚಾರ್ಯನು ಆಲೋಚನೆಯನ್ನು ಕೇಳಿ, ದಂಡನೆ ವಿಧಿಸದೆ, ಮತ್ತೊಬ್ಬರ ಬಳಿಗೆ ಕಳುಹಿಸುತ್ತಾನೆ. ಹೀಗೆ ಏಳನೆಯ ಆಚಾರ್ಯನವರೆಗೆ ಹೋಗಿ, ಬಂದ ದಾರಿಯಲ್ಲಿಯೇ ಮರಳಿ ಮೊದಲಿನ ಆಚಾರ್ಯನನ್ನು ತಲುಪಿದ ಮೇಲೆ ಪ್ರಾಯಶ್ಚಿತ್ತವು ನಿರ್ಣಯವಾಗುತ್ತದೆ.

ಅಂದರೆ, ಅಪರಾಧ ಘೋರವಾದಷ್ಟೂ ಅದನ್ನು ಕೇಳುವ ಕಿವಿಗಳು ಹೆಚ್ಚಾಗಬೇಕು. ಬಹುಜನ ದೋಷದಲ್ಲಿ ಅಪರಾಧಿಯು ತನಗೆ ಅನುಕೂಲವಾದ ಬಾಯಿಯನ್ನು ತಾನೇ ಹುಡುಕುತ್ತಾನೆ. ಪರಗಣ ವಿಧಿಯಲ್ಲಿ ದಾರಿಯನ್ನು ನಿಯಮವು ಗೊತ್ತುಪಡಿಸುತ್ತದೆ, ಮತ್ತು ಎಲ್ಲೆಡೆಯೂ ಅದೇ ತಪ್ಪನ್ನು ಅದೇ ರೀತಿಯಲ್ಲಿ ಹೇಳಬೇಕಾಗುತ್ತದೆ. ಮೊದಲನೆಯದು ರಿಯಾಯಿತಿಯ ಬೇಟೆ, ಎರಡನೆಯದು ಸತ್ಯದ ಪರೀಕ್ಷೆ.

ಇನ್ನೊಂದು ಮಾತು. ಪ್ರಾಯಶ್ಚಿತ್ತ ವಿಧಿಸುವಾಗ ದೇಶ, ಕಾಲ, ಅಪರಾಧಿಯ ಶಕ್ತಿ, ಅವನ ಪರಿಣಾಮಗಳನ್ನು ಆಚಾರ್ಯನು ಗಮನಿಸಬೇಕೆಂದು ಶಾಸ್ತ್ರ ಹೇಳುತ್ತದೆ. ರೋಗಿಗೂ ಆರೋಗ್ಯವಂತನಿಗೂ ಒಂದೇ ಉಪವಾಸವಲ್ಲ. ಸಮತೆಯೆಂದರೆ ಕಣ್ಣು ಮುಚ್ಚಿ ಒಂದೇ ಅಳತೆ ಹಂಚುವುದಲ್ಲ. ಭೇದ ಮಾಡುವುದಾದರೆ ಅದಕ್ಕೆ ಕಾರಣವಿರಬೇಕು, ಆ ಕಾರಣವು ಮುಂದಿನವನಿಗೂ ಸಲ್ಲಬೇಕು.

ಸುಗಂಧವರ್ತಿಯ ಕಲ್ಲುಗಳು

ಸವದತ್ತಿಯ ಪ್ರಾಚೀನ ಹೆಸರು ಸುಗಂಧವರ್ತಿ. ರಾಷ್ಟ್ರಕೂಟರ, ಅನಂತರ ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಈ ಸೀಮೆಯನ್ನಾಳಿದ ರಟ್ಟರು ಜಿನಭಕ್ತರು. ಶಕ 902, ಅಂದರೆ ಕ್ರಿ.ಶ. 980ರಲ್ಲಿ ಶಾಂತಿವರ್ಮನು ತಾನು ಸುಗಂಧವರ್ತಿಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ದಾನವಿತ್ತನು. ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ಮುನಿಚಂದ್ರನು ಇಮ್ಮಡಿ ಲಕ್ಷ್ಮೀದೇವನ ರಾಜಗುರುವಾಗಿ ರಾಜ್ಯಕಾರ್ಯದಲ್ಲಿಯೂ ಪ್ರಮುಖನಾಗಿದ್ದನು.

ಈ ಶಾಸನಗಳಲ್ಲಿ ಒಂದು ನಡೆ ಎದ್ದು ಕಾಣುತ್ತದೆ. ಹಿಂದಿನವರು ಕೊಟ್ಟ ದಾನವನ್ನು ಮುಂದಿನ ಪೀಳಿಗೆಯವರು ಕಲ್ಲಿನ ಮೇಲೆ ಮತ್ತೆ ಬರೆಯಿಸಿ ಕಾಪಾಡಿದ್ದಾರೆ. ಅರಸು ಬದಲಾದರೂ ಮಾತು ಬದಲಾಗಬಾರದೆಂಬ ನಿಷ್ಠೆ ಇದರಲ್ಲಿದೆ. ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸುವುದು ಹೆಚ್ಚಿನ ಪುಣ್ಯವೆಂಬ ಭಾವನೆಯನ್ನು ಕನ್ನಡ ಶಾಸನಗಳು ಮತ್ತೆ ಮತ್ತೆ ಸಾರುತ್ತವೆ. ಆಳುವವನ ಇಚ್ಛೆಗಿಂತ ಬರೆದಿಟ್ಟ ನಿಯಮ ದೊಡ್ಡದೆಂಬ ಈ ತಿಳಿವಳಿಕೆಯೇ ನ್ಯಾಯದಲ್ಲಿ ಸುಸಂಗತಿಯ ಬೇರು.

ಕಿತ್ತೂರಿನ ಅಹವಾಲು

ಎಂಟು ಶತಮಾನಗಳಿಗೂ ಮಿಕ್ಕಿದ ಕಾಲಾನಂತರ ಇದೇ ಸೀಮೆಯಲ್ಲಿ ಆ ಬೇರು ಅಲುಗಿತು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮಸ್ತಮರಡಿಯ ಮನೆತನದ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ದತ್ತಕವನ್ನು ಮಾನ್ಯ ಮಾಡಲಿಲ್ಲ.

ಅವನ ಪಕ್ಷದಲ್ಲಿ ಕಾರಣಗಳೇ ಇರಲಿಲ್ಲವೆಂದು ಹೇಳಲಾಗದು. ದತ್ತಕದ ವಿಷಯ ತಿಳಿಸುವ ಪತ್ರವು ದೇಸಾಯಿಯ ಅಂತ್ಯದ ಹೊತ್ತಿಗಷ್ಟೇ ಧಾರವಾಡ ತಲುಪಿತು. ರುಜುವಿನ ಬಗೆಗೆ ಥ್ಯಾಕರೆಗೆ ಸಂಶಯ ಬಂದಿತು. ಸರಕಾರದ ಪೂರ್ವಾನುಮತಿ ಇರಲಿಲ್ಲವೆಂಬುದೂ ಒಂದು ಆಕ್ಷೇಪಣೆ. ಸಂಶಯ ಬಂದಾಗ ವಿಚಾರಣೆ ನಡೆಯುವುದು ಸಹಜ. ದೋಷವಿದ್ದದ್ದು ವಿಚಾರಣೆಯ ರೀತಿಯಲ್ಲಿ. ಸಂಶಯಪಟ್ಟವನೂ, ತನಿಖೆ ಮಾಡಿದವನೂ, ಭಂಡಾರಕ್ಕೆ ಮುದ್ರೆ ಹಾಕಿದವನೂ, ಕೊನೆಗೆ ದಂಡು ತೆಗೆದುಕೊಂಡು ಕೋಟೆಯ ಬಾಗಿಲಿಗೆ ಬಂದವನೂ ಒಬ್ಬನೇ. ರಾಣಿ ಚೆನ್ನಮ್ಮ ಪುಣೆಯ ಕಮಿಶನರ್ ಚಾಪ್ಲಿನ್‌ನಿಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ನಿಗೂ ಅಹವಾಲು ಬರೆದಳು. ಆದರೆ ಮೇಲಿನವರು ಕೆಳಗಿನವನ ವರದಿಯ ಕಣ್ಣಿನಿಂದಲೇ ನೋಡಿದರು. ಅಹವಾಲು ಮೇಲೆ ಹೋದರೂ ನಿರ್ಣಯವು ಕೆಳಗೇ ಆಗಿಹೋಗಿತ್ತು.

1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರ ಫೆಬ್ರವರಿ 2ರಂದು ದೇಹತ್ಯಾಗ ಮಾಡಿದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಕೇಳುವ ಬಾಗಿಲು ಮುಚ್ಚಿದಲ್ಲಿ ಹಿಂಸೆಯ ಬಾಗಿಲು ತೆರೆಯುತ್ತದೆ. ಎರಡೂ ಕಡೆಯ ಪ್ರಾಣಹಾನಿಯನ್ನು ಅಹಿಂಸಾಧರ್ಮವು ದುಃಖದಿಂದಲೇ ನೋಡುತ್ತದೆ, ಆದರೆ ಆ ಬಾಗಿಲು ಮುಚ್ಚಿದವರ ಹೊಣೆಯನ್ನು ಅದು ಮರೆಯುವುದಿಲ್ಲ.

ಈ ಕಥೆಯಲ್ಲಿ ಮನಸ್ಸಿಗೆ ತಂಪೆರೆಯುವ ಒಂದು ಸಂಗತಿಯಿದೆ. ಕಾಳಗದಲ್ಲಿ ಸೆರೆಸಿಕ್ಕ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳನ್ನು ಕಿತ್ತೂರಿನವರು ಕೊಲ್ಲದೆ ಬಿಡುಗಡೆ ಮಾಡಿದರು. ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಸೇಡು ತೀರಿಸಿಕೊಳ್ಳಲು ಅವಕಾಶವಿದ್ದಾಗ ತೋರಿದ ಸಂಯಮದಿಂದ ಉಳಿದ ಒಂದು ಜೀವವು ಈ ನಾಡಿನ ಶಾಸನಾಧ್ಯಯನಕ್ಕೆ ಬುನಾದಿ ಹಾಕಿತೆಂಬುದು ಕರ್ಮದ ವಿಚಿತ್ರ ಗತಿ.

ರಾಮದುರ್ಗಕ್ಕೊಂದು, ನರಗುಂದಕ್ಕೊಂದು

ಕಿತ್ತೂರಿನ ನಿರ್ಣಯವು ಎಲ್ಲರಿಗೂ ಅನ್ವಯಿಸಿದ ಕಠಿಣ ನಿಯಮವಾಗಿದ್ದರೆ ಅದನ್ನು ಕಠಿಣವೆನ್ನಬಹುದಿತ್ತು, ಪಕ್ಷಪಾತವೆನ್ನಲಾಗುತ್ತಿರಲಿಲ್ಲ. ಆದರೆ ಹಾಗಾಗಲಿಲ್ಲ. ನರಗುಂದ ಮತ್ತು ರಾಮದುರ್ಗಗಳು ಭಾವೆ ಮನೆತನದ ಎರಡು ಶಾಖೆಗಳ ಸಂಸ್ಥಾನಗಳು. ಕಿತ್ತೂರು ಹೋದ ಮೂರೇ ವರ್ಷಗಳಲ್ಲಿ, 1827ರಲ್ಲಿ, ರಾಮದುರ್ಗದ ನಾರಾಯಣರಾವ್ ತೀರಿಕೊಂಡನು. ಅವನ ವಿಧವೆ ರಾಧಾಬಾಯಿ ನರಗುಂದದ ಮನೆತನದಿಂದಲೇ ಹುಡುಗನನ್ನು ದತ್ತು ತೆಗೆದುಕೊಂಡಳು, ಸಂಸ್ಥಾನವೂ ಮುಂದುವರಿಯಿತು. ಅದು 1948ರಲ್ಲಿ ಭಾರತದ ಒಕ್ಕೂಟದಲ್ಲಿ ವಿಲೀನವಾಗುವವರೆಗೂ ಉಳಿಯಿತು.

ಇತ್ತ ನರಗುಂದದ ಭಾಸ್ಕರರಾವ್, ಅಂದರೆ ಬಾಬಾಸಾಹೇಬ, ಮಗನಿಲ್ಲದೆ ದತ್ತಕಕ್ಕೆ ಅನುಮತಿ ಬೇಡಿದಾಗ ಅದು ದೊರೆಯಲಿಲ್ಲ. ಅಸಮಾಧಾನ ಒಳಗೊಳಗೇ ಕುದಿಯಿತು. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್‌ಸನ್ ಕೊಲೆಯಾದನು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಕೊಲೆಗೂ ಗಲ್ಲಿಗೂ ನಡುವೆ ಎರಡೇ ವಾರ. ಕೋಟೆಯ ಪತನ, ಬಂಧನ, ವಿಚಾರಣೆ, ಶಿಕ್ಷೆ ಎಲ್ಲವೂ ಅಷ್ಟರಲ್ಲಿಯೇ ಮುಗಿದವು. ಕೊಲೆಯ ಅಪರಾಧ ಘೋರವೇ. ಆದರೆ ಘೋರ ಅಪರಾಧಕ್ಕೆ ಏಳು ಆಚಾರ್ಯರ ಕಿವಿ ಬೇಕೆಂದ ಶಾಸ್ತ್ರದ ಮುಂದೆ ಈ ಅವಸರವನ್ನು ಇಟ್ಟು ನೋಡಿದರೆ ಅಂತರವು ತಾನೇ ತಿಳಿಯುತ್ತದೆ.

ಒಂದೇ ಮನೆತನದ ಎರಡು ಶಾಖೆಗಳಿಗೆ, ಒಂದೇ ಬಗೆಯ ಬೇಡಿಕೆಗೆ, ಎರಡು ಉತ್ತರ. ಇದರ ನಡುವೆ ಕಾಲ ಬದಲಾಗಿತ್ತು, ಸರಕಾರದ ನೀತಿ ಬದಲಾಗಿತ್ತು ಎಂದು ಸಮರ್ಥಿಸಬಹುದು. ಆದರೆ ನೀತಿಯು ಮತ್ತೊಮ್ಮೆ ಬದಲಾಯಿತು. 1858ರ ಘೋಷಣೆಯ ಅನಂತರ ಸಂಸ್ಥಾನಿಕರಿಗೆ ದತ್ತಕದ ಹಕ್ಕಿನ ಸನದುಗಳು ದೊರೆತವು, ರಾಮದುರ್ಗಕ್ಕೂ ದೊರೆಯಿತು. ಕಿತ್ತೂರು, ನರಗುಂದಗಳು ಯಾವುದಕ್ಕಾಗಿ ಅಳಿದವೋ ಅದು ಕೆಲವೇ ವರ್ಷಗಳಲ್ಲಿ ಇತರರಿಗೆ ಬರಹದ ಹಕ್ಕಾಯಿತು. ಆದರೆ ಅಳಿದವರ ಕಡತವನ್ನು ಯಾರೂ ಮರಳಿ ತೆರೆಯಲಿಲ್ಲ.

ಬುಕ್ಕರಾಯನ ತೀರ್ಪು

ಅಹವಾಲನ್ನು ಕೇಳುವ ಬಗೆ ಹೇಗಿರಬೇಕೆಂಬುದಕ್ಕೆ ಜೈನರ ಇತಿಹಾಸದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. 1368ರಲ್ಲಿ ವಿಜಯನಗರ ರಾಜ್ಯದ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಎರಡೂ ಪಕ್ಷದ ಮುಖ್ಯರನ್ನು ಕರೆಯಿಸಿ, ಎಲ್ಲರ ಸಮಕ್ಷಮದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದನು.

ಈ ತೀರ್ಪಿನ ಹಿರಿಮೆ ಅದರ ಔದಾರ್ಯದಲ್ಲಿ ಮಾತ್ರವಿಲ್ಲ. ರಾಜ್ಯದ ಬಸದಿಗಳೆಲ್ಲೆಲ್ಲ ಈ ಶಾಸನವನ್ನು ನೆಡಬೇಕೆಂದು ಆಜ್ಞೆಯಾಯಿತು. ಒಂದು ಊರಿನಲ್ಲಿ ಒಂದು ನ್ಯಾಯ, ಇನ್ನೊಂದು ಊರಿನಲ್ಲಿ ಇನ್ನೊಂದು ಎಂಬುದಕ್ಕೆ ಎಡೆ ಉಳಿಯಲಿಲ್ಲ. ಮೊರೆಯಿಟ್ಟವನು ದುರ್ಬಲ ಪಕ್ಷದವನಾಗಿದ್ದರೂ ಅವನ ಮಾತನ್ನು ಎದುರುಪಕ್ಷದ ಸಮಕ್ಷಮದಲ್ಲಿಯೇ ಕೇಳಲಾಯಿತು. ನಿಯಮ ಮುರಿದವನು ಅರಸನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆಂದು ಬರೆಯಿಸಲಾಯಿತು. ಇದು ಯಾವ ಪಕ್ಷದವನಿಗೂ ಒಂದೇ.

ಇಂದಿನ ಸಂಸ್ಥೆಗಳ ಮುಂದೆ

ಇಂದು ಬಸದಿಯ ಟ್ರಸ್ಟುಗಳಿಗೆ ಗಲ್ಲಿನ ಅಧಿಕಾರವಿಲ್ಲ. ಆದರೂ ಸದಸ್ಯತ್ವ ರದ್ದುಮಾಡುವ, ಪೂಜೆಯ ಸರದಿ ತಪ್ಪಿಸುವ, ಲೆಕ್ಕ ಕೇಳುವ, ನೌಕರನನ್ನು ತೆಗೆದುಹಾಕುವ ಅಧಿಕಾರ ಅವುಗಳಿಗಿದೆ. ಸಣ್ಣ ಊರಿನಲ್ಲಿ ಬಸದಿಯ ಜಗಲಿಯಿಂದ ದೂರವಾದ ಮನೆತನದ ಸಂಕಟ ಸಣ್ಣದಲ್ಲ. 1949ರಲ್ಲಿ ಮುಂಬಯಿ ಪ್ರಾಂತವು ಬಹಿಷ್ಕಾರವನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಬೆಳಗಾವಿ ಜಿಲ್ಲೆ ಆಗ ಆ ಪ್ರಾಂತದಲ್ಲಿಯೇ ಇತ್ತು. 1962ರಲ್ಲಿ ಸುಪ್ರೀಂ ಕೋರ್ಟು ದಾವೂದಿ ಬೊಹ್ರಾ ಪಂಥದ ಪ್ರಕರಣದಲ್ಲಿ, ಧಾರ್ಮಿಕ ಪಂಥಗಳ ಸ್ವಾತಂತ್ರ್ಯದ ಆಧಾರದ ಮೇಲೆ, ಆ ಕಾನೂನನ್ನು ಅಸಿಂಧುವೆಂದು ಸಾರಿತು. ಹೊರಗಿನ ಕಾನೂನಿನ ಕೈ ಹಿಂದೆ ಸರಿದಷ್ಟೂ ಒಳಗಿನ ವಿವೇಕದ ಹೊಣೆ ಹೆಚ್ಚುತ್ತದೆ.

ಆ ವಿವೇಕಕ್ಕೆ ಬೇಕಾದುದೆಲ್ಲವೂ ಮೇಲಿನ ಇತಿಹಾಸದಲ್ಲಿದೆ. ಆರೋಪ ಹೊರಿಸಿದವರೇ ತೀರ್ಪು ಕೊಡುವ ಸಭೆಯಲ್ಲಿ ಕುಳಿತರೆ ಅದು ಥ್ಯಾಕರೆಯ ನ್ಯಾಯವಾಗುತ್ತದೆ. ದೇಣಿಗೆ ಕೊಡುವ ಶ್ರೀಮಂತನ ತಪ್ಪಿಗೆ ಮೌನ, ಬಡವನ ತಪ್ಪಿಗೆ ಠರಾವು ಎಂದಾದರೆ ಅದು ಆಕಂಪಿತ ದೋಷವೇ ಸರಿ. ಅಲ್ಲಿ ದೋಷವು ಕರಗಿಸಿದವನದಷ್ಟೇ ಅಲ್ಲ, ಕರಗಿದವರದೂ ಹೌದು. ಹಿಂದಿನ ವರ್ಷ ಒಬ್ಬನಿಗೆ ಏನು ವಿಧಿಸಲಾಯಿತೆಂಬುದು ಸಭೆಯ ಪುಸ್ತಕದಲ್ಲಿ ಕಾರಣಸಹಿತ ಬರೆದಿರದಿದ್ದರೆ ಈ ವರ್ಷದವನಿಗೆ ಸಮತೆಯನ್ನು ತೋರಿಸುವ ಬಗೆಯೇ ಇಲ್ಲ. ಸುಗಂಧವರ್ತಿಯವರು ಕಲ್ಲಿನ ಮೇಲೆ ಬರೆದುದನ್ನು ಇಂದಿನವರು ಕಾಗದದ ಮೇಲಾದರೂ ಬರೆಯಬೇಕು. ನೊಂದವನು ಕೇಳಿಕೊಳ್ಳಲು ಬೇರೆ ಊರಿನ ಇಬ್ಬರು ಮೂವರು ಹಿರಿಯರನ್ನು ಮೊದಲೇ ಗೊತ್ತುಪಡಿಸಿಟ್ಟರೆ ಪರಗಣದ ವಿಧಿಯು ಗೃಹಸ್ಥರ ನಡುವೆಯೂ ಬಾಳುತ್ತದೆ. ಆ ಹಿರಿಯರು ಟ್ರಸ್ಟಿನ ವರದಿಯನ್ನು ಓದಿದರೆ ಸಾಲದು, ನೊಂದವನ ಬಾಯಿಯಿಂದಲೂ ಕೇಳಬೇಕು.

ಪ್ರಾಯಶ್ಚಿತ್ತದ ಉದ್ದೇಶ ತಪ್ಪಿದವನನ್ನು ಹೊರಗೆ ಹಾಕುವುದಲ್ಲ, ಶುದ್ಧನಾಗಿಸಿ ಸಂಘದೊಳಗೆ ಮರಳಿ ಸೇರಿಸುವುದು. ಪರಿಹಾರದ ಅನಂತರ ಉಪಸ್ಥಾಪನೆಯನ್ನು ಶಾಸ್ತ್ರವು ಇರಿಸಿರುವುದನ್ನು ಮರೆಯಬಾರದು. ಬೈಲಹೊಂಗಲದ ಸೆರೆಮನೆಯಲ್ಲಿ ತೀರಿಕೊಂಡ ರಾಣಿಗೆ ಮರಳುವ ದಾರಿಯನ್ನು ಯಾರೂ ತೆರೆದಿಡಲಿಲ್ಲ. ಧರ್ಮದ ಹೆಸರಿನಲ್ಲಿ ನಡೆಯುವ ಸಂಸ್ಥೆಯಾದರೂ ಆ ದಾರಿಯನ್ನು ಮುಚ್ಚದಿರಲಿ.