ಸೆನೆಟ್ಟಿನ ಅರವತ್ತರ ಲೆಕ್ಕ

ಅಮೆರಿಕದ ಸೆನೆಟ್ಟಿನಲ್ಲಿ ನೂರು ಸದಸ್ಯರು. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ನಡೆದ ದಾಳಿಯ ತನಿಖೆಗೆ ಸ್ವತಂತ್ರ ಆಯೋಗ ರಚಿಸುವ ಮಸೂದೆ ಅದೇ ವರ್ಷ ಮೇ ತಿಂಗಳಲ್ಲಿ ಆ ಸದನದ ಮುಂದೆ ಬಂತು. ಪರವಾಗಿ 54 ಮತ, ವಿರುದ್ಧ 35. ಮಸೂದೆ ಬಿದ್ದುಹೋಯಿತು. ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಬೇಕಾದರೆ 60 ಮಂದಿ ಒಪ್ಪಬೇಕು. ಒಪ್ಪದಿದ್ದರೆ ಬಹುಮತ ಇದ್ದೂ ಇಲ್ಲದಂತೆ. ಫಿಲಿಬಸ್ಟರ್ ಎಂದು ಹೆಸರಾದ ಈ ಪದ್ಧತಿಯನ್ನು ಅಲ್ಲಿನ ಸಂಪ್ರದಾಯವಾದಿಗಳಷ್ಟೇ ಅಲ್ಲ, ಎಷ್ಟೋ ಉದಾರವಾದಿಗಳೂ ದೇಶ ಕಟ್ಟಿದ ಹಿರಿಯರ ದೂರದೃಷ್ಟಿ, ಅಲ್ಪಮತದವರ ರಕ್ಷಾಕವಚ ಎಂದು ಹೊಗಳುತ್ತ ಬಂದಿದ್ದಾರೆ. ಸೆನೆಟ್ಟಿನ ಇತಿಹಾಸವನ್ನು ನೋಡಿದರೆ ಈ ಎರಡು ಮಾತೂ ನಿಲ್ಲುವುದಿಲ್ಲ.

ಹಿರಿಯರ ಮಾತಿನಿಂದಲೇ ಆರಂಭಿಸೋಣ. ಈಗಿನ ಸಂವಿಧಾನಕ್ಕೆ ಮೊದಲು ಅಮೆರಿಕವನ್ನು ನಡೆಸುತ್ತಿದ್ದ ಒಕ್ಕೂಟದ ಕರಾರಿನಲ್ಲಿ ಮುಖ್ಯ ನಿರ್ಣಯಗಳಿಗೆ 13 ರಾಜ್ಯಗಳ ಪೈಕಿ 9 ರಾಜ್ಯಗಳ ಒಪ್ಪಿಗೆ ಬೇಕಿತ್ತು. ಆ ಕರಾರಿನಡಿ ಆಡಳಿತ ಹೇಗೆ ಕೈಕಟ್ಟಿ ಕೂತಿತು ಎಂಬುದನ್ನು ಕಣ್ಣಾರೆ ಕಂಡವರೇ ಹೊಸ ಸಂವಿಧಾನ ಬರೆದರು. ಕೆಲವೇ ಮಂದಿ ಇಡೀ ಸಭೆಯನ್ನು ತಡೆಹಿಡಿಯುವ ವ್ಯವಸ್ಥೆಯ ಅಪಾಯವನ್ನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಫೆಡರಲಿಸ್ಟ್ ಲೇಖನಮಾಲೆಯ 22ನೆಯ ಲೇಖನದಲ್ಲಿ ಬಿಡಿಸಿ ಹೇಳಿದ. ಒಪ್ಪಂದಗಳು, ಮಹಾಭಿಯೋಗದ ತೀರ್ಪು, ಅಧ್ಯಕ್ಷರ ವೀಟೊ ತಳ್ಳಿಹಾಕುವುದು, ಸಂವಿಧಾನ ತಿದ್ದುಪಡಿ ಮುಂತಾದ ಕೆಲವೇ ಸಂದರ್ಭಗಳಿಗೆ ಮೂರನೇ ಎರಡರಷ್ಟು ಮತ ಬೇಕೆಂದು ಸಂವಿಧಾನ ಹೆಸರಿಸಿಯೇ ಹೇಳುತ್ತದೆ. ಸಾಮಾನ್ಯ ಕಾನೂನು ಆ ಪಟ್ಟಿಯಲ್ಲಿಲ್ಲ. ಚರ್ಚೆ ಮುಗಿಸಲು ಬಳಸಬಹುದಾಗಿದ್ದ ಒಂದು ನಿಯಮ ಆರಂಭದ ಸೆನೆಟ್ಟಿನ ನಿಯಮಾವಳಿಯಲ್ಲಿತ್ತು. 1805ರಲ್ಲಿ ಉಪಾಧ್ಯಕ್ಷ ಸ್ಥಾನದಿಂದ ನಿರ್ಗಮಿಸುತ್ತಿದ್ದ ಏರನ್ ಬರ್, ಅದು ಬಳಕೆಯಲ್ಲಿಲ್ಲ, ತೆಗೆದುಹಾಕಿ ಎಂದು ಸಲಹೆ ಕೊಟ್ಟ. ಮರುವರ್ಷ ಸದನ ಅದನ್ನು ಕೈಬಿಟ್ಟಿತು. ಮೊದಲ ಫಿಲಿಬಸ್ಟರ್ ನಡೆದದ್ದು ಅದಾಗಿ ಮೂವತ್ತು ವರ್ಷ ಕಳೆದ ಮೇಲೆ, 1837ರಲ್ಲಿ. ನಿಯಮಾವಳಿ ಚೊಕ್ಕಟ ಮಾಡಲು ಹೋದಾಗ ಉಳಿದ ಕಂಡಿಯಿದು, ಯಾರೂ ಯೋಚಿಸಿ ಇಟ್ಟ ಬಾಗಿಲಲ್ಲ.

ಅಲ್ಪಮತದ ರಕ್ಷಣೆಯ ಮಾತು ಇನ್ನೂ ನೋವಿನದು. 1917ರಲ್ಲಿ, ವ್ಯಾಪಾರಿ ಹಡಗುಗಳಿಗೆ ಶಸ್ತ್ರ ಒದಗಿಸುವ ಮಸೂದೆಯನ್ನು ಕೆಲವೇ ಸದಸ್ಯರು ತಡೆದಾಗ ಅಧ್ಯಕ್ಷ ವಿಲ್ಸನ್ ಸಿಟ್ಟಿಗೆದ್ದ ಫಲವಾಗಿ, ಮೂರನೇ ಎರಡರಷ್ಟು ಮತದಿಂದ ಚರ್ಚೆ ಮುಗಿಸುವ ನಿಯಮ ಬಂತು. ಅದರ ಬೆನ್ನಿಗೇ ಲಿಂಚಿಂಗ್ ತಡೆ ಮಸೂದೆಯ ಕಥೆ ಶುರುವಾಗುತ್ತದೆ. ಟಸ್ಕೀಗಿ ಸಂಸ್ಥೆಯ ದಾಖಲೆಯಂತೆ 1882ರಿಂದ 1968ರವರೆಗೆ ಗುಂಪುಗಳು ವಿಚಾರಣೆಯಿಲ್ಲದೆ ಕೊಂದ 4,743 ಮಂದಿಯಲ್ಲಿ 3,446 ಮಂದಿ ಕಪ್ಪು ಜನ. 1922ರ ಜನವರಿಯಲ್ಲಿ ಕೆಳಮನೆ ಇಂಥ ಕೊಲೆ ತಡೆಯುವ ಡಯರ್ ಮಸೂದೆಯನ್ನು 231-119ರಿಂದ ಅಂಗೀಕರಿಸಿತು. ಸೆನೆಟ್ಟಿನಲ್ಲಿ ದಕ್ಷಿಣದ ಡೆಮಾಕ್ರಾಟರು ಅದನ್ನು ಮಾತಿನಲ್ಲೇ ಮುಳುಗಿಸಿದರು. 1935ರಲ್ಲಿ, 1938ರಲ್ಲಿ ಮತ್ತೆ ಅದೇ. ಲಿಂಚಿಂಗನ್ನು ಒಕ್ಕೂಟದ ಅಪರಾಧವೆಂದು ಸಾರುವ ಕಾನೂನು ಬಂದದ್ದು 2022ರ ಮಾರ್ಚಿನಲ್ಲಿ. ಇಲ್ಲಿ ಕವಚ ತೊಟ್ಟ ಅಲ್ಪಮತ ಯಾವುದು, ಏಟು ತಿಂದ ಅಲ್ಪಮತ ಯಾವುದು? 1957ರಲ್ಲಿ ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ 24 ಗಂಟೆ 18 ನಿಮಿಷ ಮಾತಾಡಿದ. ನಡುವೆ ಮೂತ್ರಕ್ಕೆ ಹೋಗಬೇಕಾಗದಿರಲೆಂದು ಮೊದಲೇ ಹಬೆಸ್ನಾನ ಮಾಡಿ ಮೈಯ ನೀರು ಇಳಿಸಿಕೊಂಡಿದ್ದ. ಈ ಹಟ ಮುರಿಯಲು ಏನು ಬೇಕಾಯಿತು ಎಂಬುದನ್ನು 1964ರ ಜೂನ್ 10 ತೋರಿಸಿತು. ಆ ವರ್ಷದ ನಾಗರಿಕ ಹಕ್ಕುಗಳ ಮಸೂದೆಗೆ ವಾರಗಟ್ಟಲೆ ನಡೆದ ತಡೆಯ ಕೊನೆಗೆ, ಚರ್ಚೆ ಮುಗಿಸಬೇಕೇ ಎಂಬ ಮತ ಎಣಿಕೆ. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಮಿದುಳಿನ ಗೆಡ್ಡೆಯಿಂದ ಮಾತು ಕಳೆದುಕೊಂಡಿದ್ದರು. ಗಾಲಿಕುರ್ಚಿಯಲ್ಲಿ ಬಂದು, ಹೆಸರು ಕೂಗಿದಾಗ ಕಷ್ಟಪಟ್ಟು ಕೈ ಎತ್ತಿ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಸಮ್ಮತಿಯ ಮತಕ್ಕೂ ಒಂದೇ ಉಚ್ಚಾರ, ಸದನಕ್ಕೆ ಅರ್ಥವಾಯಿತು. 71-29. ಎಂಗಲ್ ಮುಂದಿನ ತಿಂಗಳೇ ತೀರಿಕೊಂಡರು.

ಇದೇ ಉದಾಹರಣೆಯನ್ನು ತಿರುಗಿಸಿ ಹೇಳುವವರಿದ್ದಾರೆ. ದೊಡ್ಡ ಬಹುಮತ ಕೂಡಿಸಬೇಕಾದ್ದರಿಂದಲೇ 27 ರಿಪಬ್ಲಿಕನ್ನರು ಜೊತೆಗೂಡಿದರು, ಹಾಗಾಗಿಯೇ ಆ ಕಾನೂನು ಬಾಳಿತು ಎನ್ನುತ್ತಾರೆ. ಒಮ್ಮತದ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಒಮ್ಮತಕ್ಕೆ ಕಾದ ದಶಕಗಳ ಬೆಲೆ ತೆತ್ತವರು ಸದನದ ಒಳಗಿರಲಿಲ್ಲ, ಅವರಲ್ಲಿ ಎಷ್ಟೋ ಮಂದಿಗೆ ಮತದಾನದ ಹಕ್ಕೇ ಇರಲಿಲ್ಲ.

ಎರಡನೆಯ ಆಕ್ಷೇಪ ಇಂದಿನದು, ಹೆಚ್ಚು ತೂಕದ್ದು. 2025ರಲ್ಲಿ 43 ದಿನ ಸರಕಾರ ಸ್ಥಗಿತಗೊಂಡಾಗ ಫಿಲಿಬಸ್ಟರ್ ಕಿತ್ತುಹಾಕಿ ಎಂದು ಒತ್ತಾಯಿಸಿದ್ದು ಸ್ವತಃ ಟ್ರಂಪ್. ಆರೋಗ್ಯ ವಿಮೆಯ ನೆರವಿಗಾಗಿ ಅದನ್ನು ಹಿಡಿದುಕೊಂಡಿದ್ದು ಡೆಮಾಕ್ರಾಟರು. ಕೈಯಲ್ಲಿರುವ ಒಂದೇ ಆಯುಧವನ್ನೂ ಬಿಟ್ಟುಕೊಡಬೇಕೆ? ಆ ಆಯುಧ ಯಾವುದಕ್ಕೆ ತಾಗುತ್ತದೆ ನೋಡಿ. ನ್ಯಾಯಾಧೀಶರ ನೇಮಕಕ್ಕೆ 60 ಮತದ ಅಗತ್ಯವನ್ನು 2013ರಲ್ಲಿ ಡೆಮಾಕ್ರಾಟರು, ಸುಪ್ರೀಂ ಕೋರ್ಟಿನ ಮಟ್ಟಿಗೆ 2017ರಲ್ಲಿ ರಿಪಬ್ಲಿಕನ್ನರು ತೆಗೆದುಹಾಕಿದರು. ತೆರಿಗೆ ಮತ್ತು ವೆಚ್ಚದ ಕೆಲವು ಮಸೂದೆಗಳಿಗೆ ಸರಳ ಬಹುಮತ ಸಾಕಾಗುವ ಬಜೆಟ್ಟಿನ ವಿಶೇಷ ದಾರಿ ಇದೆ. 2025ರ ಜುಲೈನಲ್ಲಿ ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ಗೆ ಕತ್ತರಿ ಹಾಕಿದ ಮಸೂದೆ ಉಪಾಧ್ಯಕ್ಷರ ಮತ ಸೇರಿ 51-50ರಲ್ಲಿ ಹೋಯಿತು. 60ರ ಹೊಸ್ತಿಲಲ್ಲಿ ಸಿಕ್ಕಿಬೀಳುವುದು ಉಳಿದವು. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಗೆ 2013ರಲ್ಲಿ 54 ಮತ ಬಂದವು, ಸಾಲಲಿಲ್ಲ. ಮತದಾನದ ಹಕ್ಕನ್ನು ಭದ್ರಪಡಿಸುವ ಮಸೂದೆಗಾಗಿ 2022ರ ಜನವರಿಯಲ್ಲಿ ನಿಯಮ ಸಡಿಲಿಸಲು ಹೋದಾಗ ಜೋ ಮ್ಯಾನ್ಚಿನ್, ಕಿರ್ಸ್ಟನ್ ಸಿನೆಮಾ ಎಂಬ ಇಬ್ಬರು ಡೆಮಾಕ್ರಾಟರೇ ಎದುರು ನಿಂತರು. ಶ್ರೀಮಂತರ ತೆರಿಗೆ ಇಳಿಸಲು ಸರಳ ಬಹುಮತ ಸಾಕು, ಮತದಾರರನ್ನು ಕಾಯಲು ಸಾಲದು. ಫಿಲಿಬಸ್ಟರ್ ಹೋದರೆ ಕೆಲವು ಕೆಟ್ಟ ಕಾನೂನುಗಳೂ ಬರುತ್ತವೆ, ನಿಜ. ಆದರೆ ಅವನ್ನು ತಂದವರು ಯಾರೆಂದು ಜನರಿಗೆ ಗೊತ್ತಿರುತ್ತದೆ, ಮುಂದಿನ ಚುನಾವಣೆಯಲ್ಲಿ ಕೇಳಬಹುದು. ಈಗ ಆ ಹೊಣೆಯೇ ತೇಲಿಹೋಗುತ್ತದೆ. 1970ರ ದಶಕದಲ್ಲಿ, ಒಂದು ಮಸೂದೆ ತಡೆಯಲ್ಲಿದ್ದಾಗಲೂ ಬೇರೆ ಕಲಾಪ ನಡೆಸುವ ಏರ್ಪಾಡು ಬಂದು, 1975ರಲ್ಲಿ ಹೊಸ್ತಿಲು 60ಕ್ಕೆ ಇಳಿದಂದಿನಿಂದ ತಡೆಯುವವರು ಥರ್ಮಂಡ್‌ನಂತೆ ನಿಂತು ಮಾತಾಡಬೇಕಾಗಿಯೂ ಇಲ್ಲ. ತಡೆಯುತ್ತೇವೆ ಎಂದು ತಿಳಿಸಿದರೆ ಸಾಕು.

ಅಲ್ಪಮತಕ್ಕೆ ಮಾತಾಡಲು ಸಮಯ ಬೇಕು, ಬೇಡವೆನ್ನುವವರಿಲ್ಲ. ಅದಕ್ಕೆ ದಾರಿಯೂ ಇತ್ತು. ಮೊದಲ ಸಲ 60 ಮತ, ಅದು ಸಿಗದಿದ್ದರೆ ಕೆಲವು ದಿನ ಬಿಟ್ಟು 57, ಆಮೇಲೆ 54, ಕೊನೆಗೆ 51 ಎಂದು ಹಂತಹಂತವಾಗಿ ಇಳಿಸಿ, ಚರ್ಚೆಗೆ ಅವಕಾಶ ಕೊಟ್ಟೂ ಬಹುಮತಕ್ಕೆ ಕೊನೆಯ ಮಾತು ಉಳಿಸುವ ಸೂತ್ರವನ್ನು ಅಯೋವಾದ ಟಾಮ್ ಹಾರ್ಕಿನ್ 1995ರ ಜನವರಿಯಲ್ಲಿ ಮುಂದಿಟ್ಟರು. ಆಗಷ್ಟೇ ಬಹುಮತ ಕಳೆದುಕೊಂಡಿದ್ದ ಡೆಮಾಕ್ರಾಟರ ಪಕ್ಷದವರು ಅವರು, ಸೂತ್ರದಿಂದ ತಕ್ಷಣ ನಷ್ಟವಾಗುತ್ತಿದ್ದುದು ಅವರ ಪಕ್ಷಕ್ಕೇ. ಸೆನೆಟ್ 76-19ರಿಂದ ಅದನ್ನು ಬದಿಗೆ ಸರಿಸಿತು.