ಇಪ್ಪತ್ತು ಮಂದಿ, ಐವತ್ತು ಮಂದಿ

ನಮ್ಮ ಆಫೀಸಿನಲ್ಲಿ ಹಳೇ ಕೋಡನ್ನು ಓರಣ ಮಾಡುವ ಕೆಲಸಕ್ಕೆ ರೀಫ್ಯಾಕ್ಟರಿಂಗ್ ಅನ್ನುತ್ತೇವೆ. ಅದಕ್ಕಿರುವುದು ಒಂದೇ ನಿಯಮ. ಇಪ್ಪತ್ತು ಫೈಲುಗಳನ್ನು ನಾಲ್ಕು ಮಾಡಿ, ಅಡ್ಡಿಯಿಲ್ಲ, ಆದರೆ ಪ್ರೋಗ್ರಾಮು ಮೊದಲು ಕೊಡುತ್ತಿದ್ದ ಉತ್ತರವನ್ನೇ ಕೊಡಬೇಕು. 2025ರ ನವೆಂಬರ್ 21ರಂದು 29 ಕಾರ್ಮಿಕ ಕಾನೂನುಗಳು ಹೋಗಿ ನಾಲ್ಕು ಸಂಹಿತೆಗಳು ಜಾರಿಗೆ ಬಂದಾಗ (ಅವಕ್ಕೂ ಕೋಡ್ ಅಂತಲೇ ಹೆಸರು ನೋಡಿ!) ನನಗೆ ಆ ನಿಯಮ ನೆನಪಾಯಿತು. ಜೊತೆಗೆ ನಮ್ಮ ಕಡೆಯ ದಾಂಡೇಲಿ.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1959ರಲ್ಲಿ ಕಾಗದ ಹೊರಬರುವ ಹೊತ್ತಿಗೆ ನಾವು ಮೈಸೂರು ರಾಜ್ಯದವರಾಗಿದ್ದೆವು. 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ ಕೇಂದ್ರದವು, ಅವು ಎಲ್ಲ ಕಡೆ ಒಂದೇ. ತಮಾಷೆ ಇದ್ದದ್ದು ರಾಜ್ಯದ ಕಾನೂನುಗಳಲ್ಲಿ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ, ಬದಲಾಯಿಸುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನೇ ಮುಂದುವರಿಯಬೇಕು. ಹಾಗಾಗಿ ಹುಬ್ಬಳ್ಳಿಯ ಅಂಗಡಿ ಆಳಿಗೆ ಮುಂಬಯಿಯ 1948ರ ಕಾಯ್ದೆ, ಮಂಗಳೂರಿನವನಿಗೆ ಮದರಾಸಿನ 1947ರ ಕಾಯ್ದೆ, ಮೈಸೂರಿನವನಿಗೆ ಮೈಸೂರಿನದ್ದೇ. ಮೂವರೂ ಒಂದೇ ರಾಜ್ಯದವರು! 1961ರಲ್ಲಿ ಎಲ್ಲರಿಗೂ ಒಂದೇ ಅಂಗಡಿ ಕಾಯ್ದೆ ಬಂತು. 1963ರಲ್ಲಿ ಹಬ್ಬದ ರಜೆಯ ಕಾಯ್ದೆ, 1965ರಲ್ಲಿ ಕಾರ್ಮಿಕ ಕಲ್ಯಾಣ ನಿಧಿ. ಗಡಿ ಸರಿದಿತ್ತು, ಕಾನೂನನ್ನು ಜೋಡಿಸಲೇಬೇಕಿತ್ತು. ಸರಿ.

ದೇಶದ ಮಟ್ಟದಲ್ಲಿ ಇದು ತಡವಾಯಿತು. 1966ರ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರು ಪಿ.ಬಿ. ಗಜೇಂದ್ರಗಡ್ಕರ್ (ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ). ಕಾನೂನುಗಳನ್ನು ಗುಂಪು ಮಾಡಿ ಅಂತ ಹೇಳಿದ್ದು ರವೀಂದ್ರ ವರ್ಮಾ ಅವರ ಎರಡನೇ ಆಯೋಗ, 2002ರಲ್ಲಿ.

ಗುಂಪೇನೋ ಆಯಿತು. ಆದರೆ ಒಳಗಿನ ಅಂಕಿಗಳನ್ನು ನೋಡಿ. ದಾಂಡೇಲಿಯ ಗೇಟಿನ ಒಳಗಿದ್ದವರಿಗೆ ಹಾಜರಿ ಪುಸ್ತಕ ಇತ್ತು, ಯೂನಿಯನ್ ಇತ್ತು. ಆದರೆ ಕಾಗದಕ್ಕೆ ಬೇಕಾದ ಬಿದಿರು ಬರುತ್ತಿದ್ದದ್ದು ಹಳಿಯಾಳ, ಸೂಪಾ ಕಡೆಯ ಕಾಡಿನಿಂದ (ಸೂಪಾ ಊರು ಅಣೆಕಟ್ಟಿನಲ್ಲಿ ಮುಳುಗಿತು, ಈಗ ಆ ತಾಲೂಕಿಗೆ ಜೋಯಿಡಾವೇ ಕೇಂದ್ರ). ಅದನ್ನು ಕಡಿಯುತ್ತಿದ್ದವರು ಗುತ್ತಿಗೆದಾರನ ಆಳುಗಳು. ಇಂಥವರಿಗಾಗಿಯೇ 1970ರಲ್ಲಿ ಗುತ್ತಿಗೆ ಕಾರ್ಮಿಕ ಕಾಯ್ದೆ ಬಂತು. ಒಬ್ಬ ಗುತ್ತಿಗೆದಾರನ ಬಳಿ 20 ಮಂದಿ ಇದ್ದರೆ ಅನ್ವಯ. ಹೊಸ ಸಂಹಿತೆಯಲ್ಲಿ ಅದು 50. ಹೊರರಾಜ್ಯದ ವಲಸೆ ಕಾರ್ಮಿಕರಿಗೆ 1979ರ ಕಾಯ್ದೆಯಲ್ಲಿ 5 ಇದ್ದದ್ದು 10 ಆಗಿದೆ. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ನಿಯಮ 1976ರಲ್ಲಿ 300 ಮಂದಿಗೆ ಅಂತ ಶುರುವಾಗಿ, ಆಮೇಲೆ 100ಕ್ಕೆ ಇಳಿದು, ಈಗ ಪುನಃ 300.

ಇದು ರೀಫ್ಯಾಕ್ಟರಿಂಗ್ ಅಲ್ಲ ಮಾರಾಯ್ರೆ, ಲೆಕ್ಕವನ್ನೇ ಬದಲಾಯಿಸಿದ್ದು.

ಒಳ್ಳೆಯದು ಇಲ್ಲವೆಂದಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಪಟ್ಟಿಯಲ್ಲಿದ್ದ ಕಸುಬುಗಳಿಗೆ ಮಾತ್ರ ಇತ್ತು, 2019ರ ವೇತನ ಸಂಹಿತೆ ಎಲ್ಲ ನೌಕರರಿಗೂ ಇದೆ. ಗುತ್ತಿಗೆದಾರನಿಲ್ಲದೆ ತಾನಾಗಿ ಬಂದವನೂ ಈಗ ವಲಸೆ ಕಾರ್ಮಿಕನೇ. ಇವೆರಡು ನಿಜವಾದ ಸುಧಾರಣೆ ಅಂತ ನನಗನ್ನಿಸುತ್ತದೆ. (ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಕೊಟ್ಟಿತ್ತು, ಹಾಗಾಗಿ ನಾನೂ ಪೂರ್ತಿ ಗೇಟಿನ ಒಳಗಿನವನಲ್ಲ!)

ಹೋದ ಸಲ ಊರಿಗೆ ಹೋಗುವಾಗ ಹಳಿಯಾಳದ ಹತ್ತಿರ ಬಸ್ಸು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಿತು. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದರು. ಮರಾಠಿ ಕೇಳಿಸಿತು, ಆದರೆ ಹಳಿಯಾಳದಲ್ಲಿ ಮರಾಠಿ ಕೇಳಿದ ಮಾತ್ರಕ್ಕೆ ಹೊರರಾಜ್ಯದವರು ಅನ್ನುವಂತಿಲ್ಲ. ಸುಮ್ಮನೆ ಕಿಟಕಿಯಿಂದ ಎಣಿಸಿದೆ. ಎಂಟು ಮಂದಿ ಇದ್ದರು. ಬದುವಿನ ಮೇಲೆ ಒಂದು ಮಗು ಮಲಗಿತ್ತು.